ವೋಚರ್ ಇಲ್ಲದ ಗುಡ್ಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬ ನಿವೃತ್ತ ಶಿಕ್ಷಕರು ಸರ್ಕಾರಿ ಕಚೇರಿಗಳ ಊಟದ ಹೊತ್ತಿನ ಬಗ್ಗೆ ಬರೆದಿದ್ದರು. ತಾವು ಪಿಂಚಣಿ ಕಾಗದ ಹಿಡಿದು ಹೋದಾಗ ಒಳಗಿನ ಕೋಣೆಯಲ್ಲಿ ಸಿಬ್ಬಂದಿ ಡಬ್ಬಿ ಬಿಚ್ಚಿಕೊಂಡು ‘ಯಾರೋ ಎಲ್ಲೋ ಗುಡ್ಡ ಹತ್ತಿದ ಕಥೆ’ ಹೇಳಿ ನಗುತ್ತಿದ್ದರು, ತಾವು ಹೊರಗೆ ಕಾಲು ಅಲ್ಲಾಡುವ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತಿರಬೇಕಾಯಿತು ಎಂಬುದು ಅವರ ದೂರು. ಊರಿನ ಹೆಸರು ಹಾಕಿರಲಿಲ್ಲ. ಆದರೆ ನಮ್ಮ ಕಚೇರಿಯ ಬೆಂಚಿನ ಕಾಲೂ ಅಲ್ಲಾಡುತ್ತದೆ, ನಮ್ಮಲ್ಲೂ ಗುಡ್ಡದ ಕಥೆ ನಡೆಯುತ್ತದೆ. ಆ ಗುಡ್ಡ ಹತ್ತಿದವನು ನಾನೇ ಇರಬೇಕು. ಸರಿಯಾಗಿ ಹೇಳುವುದಾದರೆ, ಹತ್ತಿದೆ ಎಂದು ಹೇಳಿಕೊಂಡು ಬಂದವನು.

ಶಿಕ್ಷಕರ ದೂರಿಗೆ ಉತ್ತರ ಕೊಡಲೆಂದೇ ಪೆನ್ನು ಹಿಡಿದೆ. ಬರೆಯುತ್ತ ಹೋದಂತೆ ತಪ್ಪು ಮುಕ್ಕಾಲು ಗಂಟೆಯದ್ದಲ್ಲ, ಕಥೆಯದ್ದೇ ಎನ್ನಿಸಿತು. ಪತ್ರ ಉದ್ದವಾಗಿದೆ. ಕತ್ತರಿಸುವುದಿದ್ದರೆ ನನ್ನ ಬಗ್ಗೆ ಇರುವ ಒಳ್ಳೆಯ ಮಾತುಗಳನ್ನು ಕತ್ತರಿಸಿ, ಹೇಗೂ ಹೆಚ್ಚಿಲ್ಲ.

ನಾನು ಹಾವೇರಿ ಜಿಲ್ಲೆಯ ಖಜಾನೆ ನೌಕರ. ಇಪ್ಪತ್ನಾಲ್ಕು ವರ್ಷದಿಂದ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಪ್ರಯಾಣ ಭತ್ಯೆಯ ಬಿಲ್ಲಿಗೆ ಟಿಕೆಟ್ ಲಗತ್ತಿಸಿಲ್ಲವೇ, ಆಕ್ಷೇಪಣೆ. ಹೊರಟ ಹೊತ್ತು ಬರೆದು ಮುಟ್ಟಿದ ಹೊತ್ತು ಬಿಟ್ಟಿದ್ದಾರೆಯೇ, ಆಕ್ಷೇಪಣೆ. ಮೊದಲು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಗುಂಡಿ ಒತ್ತುತ್ತೇನೆ. ಹಾನಗಲ್ಲಿನ ಒಬ್ಬ ಮುಖ್ಯೋಪಾಧ್ಯಾಯರು ನನ್ನನ್ನು ಎದುರಿಗೇ ‘ಆಕ್ಷೇಪಣಾ ಸ್ವಾಮಿ’ ಎಂದು ಕರೆದಿದ್ದರು. ಬೇಸರವಾಗಲಿಲ್ಲ, ಒಳಗೊಳಗೇ ಖುಷಿಯಾಗಿತ್ತು.

ಊಟದ ಹೊತ್ತಿಗೆ ನಾವು ಆರು ಜನ ಸೇರುತ್ತೇವೆ. ಹಳೆಯ ಕಡತದ ಕೋಣೆಯಲ್ಲಿ ಎರಡು ಕಬ್ಬಿಣದ ಟೇಬಲ್ ಜೋಡಿಸಿ ಮೇಲೆ ಪೇಪರ್ ಹಾಸುತ್ತೇವೆ. (ನಿಮ್ಮದೇ ಪತ್ರಿಕೆ, ಕ್ಷಮೆಯಿರಲಿ. ಓದಿದ ಮೇಲೆಯೇ ಹಾಸುವುದು.) ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಹಸಿ ಉಳ್ಳಾಗಡ್ಡಿ. ಬ್ಯಾಡಗಿ ಪಕ್ಕದಲ್ಲೇ ಇರುವಾಗ ರಂಜಕಕ್ಕೆ ಬರವಿಲ್ಲ. ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೂ ಒಬ್ಬರು ‘ನಾವು ಹೋದಾಗ...’ ಎಂದು ಶುರು ಮಾಡುತ್ತಾರೆ. ತುಟ್ಟಿಭತ್ಯೆ, ವರ್ಗಾವಣೆ, ಮಕ್ಕಳ ಸೀಟು ಇವೆಲ್ಲ ಎಷ್ಟು ದಿನ ಮಾತಾಡಲು ಬರುತ್ತದೆ? ದಿನವಿಡೀ ಊರೂರಿನವರ ಪ್ರಯಾಣದ ಬಿಲ್ಲು ನೋಡಿ, ತಾವು ಮಾತ್ರ ಕುರ್ಚಿ ಬಿಟ್ಟು ಏಳದವರಿಗೆ ಪ್ರವಾಸದ ಕಥೆಯ ಮೇಲೆ ಒಂದು ಬಗೆಯ ಹಸಿವು ಇರುತ್ತದೆ.

ನಗದು ಶಾಖೆಯವರದು ಲಡಾಖ್. ಖರ್ದುಂಗ್ ಲಾ ಎಂಬ ಎತ್ತರದ ಘಟ್ಟದ ರಸ್ತೆಯ ಬೋರ್ಡಿನ ಮುಂದೆ ಎರಡೂ ಕೈ ಎತ್ತಿ ನಿಂತ ಚಿತ್ರ ಅವರ ಮೊಬೈಲಿನ ಮುಖಪುಟದಲ್ಲೇ ಇದೆ. ಬೋರ್ಡಿನ ಮೇಲೆ 18,380 ಅಡಿ. ಪಿಂಚಣಿ ಶಾಖೆಯ ಮೇಡಂ ಅವರದು ಕಾಶಿ. ಸರ್ಕಾರದ ಆಗಿನ ₹5,000 ಸಹಾಯಧನದ ಭಾರತ್ ಗೌರವ್ ರೈಲಿನಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋಗಿ ಬಂದದ್ದು. ಗಂಗಾರತಿಯನ್ನು ಅವರು ಬಣ್ಣಿಸುವಾಗ ಕೈಯಲ್ಲಿ ರೊಟ್ಟಿಯ ತುಂಡೇ ಆರತಿಯ ಹಾಗೆ ತಿರುಗುತ್ತದೆ. ಜಮಖಂಡಿ ಕಡೆಯ ನಮ್ಮ ಡಿ ಗ್ರೂಪಿನ ಹಿರಿಯರು ಶ್ರೀಶೈಲಕ್ಕೆ ಹನ್ನೊಂದು ಸಲ ನಡೆದವರು. ಅವರ ಮಾತಿಗೆ ಆಮೇಲೆ ಬರುತ್ತೇನೆ. ಆಗ ನಾವ್ಯಾರೂ ಅದನ್ನು ಕಥೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನನ್ನದು ಕುಮಾರಪರ್ವತ.

ಗೊತ್ತಿಲ್ಲದವರಿಗೆ ಒಂದು ಮಾತು. ಕುಮಾರಪರ್ವತ ಅಥವಾ ಪುಷ್ಪಗಿರಿ 1,712 ಮೀಟರ್ ಎತ್ತರ. ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಗುಡ್ಡಗಳಿವೆ. ಮುಳ್ಳಯ್ಯನಗಿರಿಯೇ 1,930 ಮೀಟರ್, ಆದರೆ ಅಲ್ಲಿ ತುದಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕುಕ್ಕೆ ಸುಬ್ರಹ್ಮಣ್ಯದ ಊರು ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟರೆ ಸುಮಾರು 1,600 ಮೀಟರ್ ಏರಿಕೆಯನ್ನು ಕಾಲೇ ಏರಬೇಕು. ಮೊದಲು ದಟ್ಟ ಕಾಡು. ಅದು ಮುಗಿದರೆ ಗಿರಿಗದ್ದೆ, ಅಲ್ಲಿ ಭಟ್ಟರ ಮನೆ, ಅನ್ನ ಸಾಂಬಾರು ಮಜ್ಜಿಗೆ. ಹತ್ತಿರದಲ್ಲೇ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು, ನೆತ್ತಿಯ ಮೇಲೆ ಒಂದು ಎಲೆಯ ನೆರಳೂ ಇಲ್ಲ. ಕಲ್ಲುಮಂಟಪ, ಅದರ ಮೇಲೆ ಶೇಷಪರ್ವತ, ಕೊನೆಗೆ ಕುಮಾರಪರ್ವತ.

ನಾನು ಹೋದದ್ದು 2008ರ ಡಿಸೆಂಬರಿನಲ್ಲಿ, ಇಬ್ಬರು ಗೆಳೆಯರ ಜೊತೆ. ನನಗಾಗ ಮೂವತ್ತನಾಲ್ಕು. ಟೇಬಲ್ಲಿನ ಮೇಲೆ ನಾನು ಹೇಳುತ್ತಿದ್ದ ಕಥೆ ಹೀಗೆ: ಬೆಳಗಿನ ಜಾವ ಹೊರಟೆವು, ಮಧ್ಯಾಹ್ನದೊಳಗೆ ತುದಿ ಮುಟ್ಟಿದೆವು, ಕೊನೆಯ ಬಂಡೆಯನ್ನು ಕೈಕಾಲು ಊರಿ ಹಲ್ಲಿಯ ಹಾಗೆ ಹತ್ತಿದೆವು, ಕೆಳಗೆ ಮೋಡ ಹಾಲಿನ ಹಾಗೆ ಹರಡಿತ್ತು, ಕತ್ತಲಾಗುವುದರೊಳಗೆ ಕುಕ್ಕೆಯಲ್ಲಿದ್ದೆವು. ಒಂದೇ ದಿನ, ಮೇಲೆ ಕೆಳಗೆ.

ಈ ಕಥೆ ನಾಲ್ಕು ಊರು ಸುತ್ತಿದೆ. ನನಗೆ ವರ್ಗಾವಣೆ ಆದಂತೆಲ್ಲ ಕಥೆಗೆ ಬಡ್ತಿ ಸಿಕ್ಕಿತು. ಹಾನಗಲ್ಲಿನಲ್ಲಿ ಬರೀ ಗುಡ್ಡ ಇತ್ತು. ಶಿಗ್ಗಾಂವಿಗೆ ಬರುವಷ್ಟರಲ್ಲಿ ಜಿಗಣೆ ಸೇರಿಕೊಂಡವು. ಡಿಸೆಂಬರಿನಲ್ಲಿ ಅಷ್ಟೊಂದು ಜಿಗಣೆ ಎಲ್ಲಿಂದ ಬಂದವು ಎಂದು ಯಾರೂ ಆಕ್ಷೇಪಣೆ ಹಾಕಲಿಲ್ಲ. ರಾಣೆಬೆನ್ನೂರಿನಲ್ಲಿ ಆನೆಯ ಲದ್ದಿ ಕಾಣಿಸಿತು, ಬಿಸಿಬಿಸಿಯಾಗಿತ್ತು. ಹಾವೇರಿಯಲ್ಲಿ ಕಾಳಿಂಗ ಸರ್ಪ ದಾರಿಗೆ ಅಡ್ಡ ಬಂದು, ನಾನು ಕೈಮುಗಿದು ನಿಂತು, ಅದು ತಾನಾಗಿ ಸರಿದು ಹೋಯಿತು. ಸುಬ್ರಹ್ಮಣ್ಯನ ಊರು ನೋಡಿ, ಹಾವು ಇಲ್ಲದೆ ನಡೆಯುತ್ತದೆಯೇ?

ನಡೆದದ್ದು ಬೇರೆ. ಒಂದು ಲೀಟರಿನ ಒಂದೇ ಬಾಟಲಿ ಹಿಡಿದಿದ್ದೆ, ಅದು ಕಲ್ಲುಮಂಟಪಕ್ಕೆ ಮೊದಲೇ ಖಾಲಿಯಾಯಿತು. ಅಲ್ಲಿನ ತೊರೆಯಲ್ಲಿ ತುಂಬಿಕೊಂಡೆ. ಶೇಷಪರ್ವತದ ಏರಿನಲ್ಲಿ ಎರಡೂ ಮೀನಖಂಡ ಗಂಟು ಹಿಡಿದವು. ಒಬ್ಬ ಗೆಳೆಯ ನನ್ನ ಚೀಲ ಹೊತ್ತ, ಇನ್ನೊಬ್ಬ ಕಾಲು ನೀವಿದ. ಶೇಷಪರ್ವತದ ಮೇಲೆ ಮುಟ್ಟಿದ ಮೇಲೆ ‘ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡ್ರತೀನಿ’ ಎಂದೆ. ಅವರು ಹೋದರು. ಅವರು ಬರುವವರೆಗೆ ನಾನು ಒಂದು ಕಲ್ಲಿಗೆ ಆತುಕೊಂಡು, ಕಾಲು ಚಾಚಿ, ಚೀಲದಲ್ಲಿದ್ದ ಗೋಡಂಬಿ ಬಿಸ್ಕತ್ತನ್ನೆಲ್ಲ ತಿಂದು ಮುಗಿಸಿದೆ. ಎದುರಿಗೆ ಕುಮಾರಪರ್ವತ ಕಾಣುತ್ತಿತ್ತು, ನಿಜ. ಕಂಡದ್ದಷ್ಟೇ. ಹಲ್ಲಿಯ ಹಾಗೆ ಹತ್ತಿದ ಬಂಡೆ ಇದೆಯಲ್ಲ, ಅದು ಗೆಳೆಯ ಇಳಿದು ಬಂದು ಹೇಳಿದ ಬಂಡೆ. ಮೋಡದ ಹಾಲೂ ಅವನದೇ. ಒಂದೇ ದಿನದಲ್ಲಿ ಇಳಿದೆವು ಎನ್ನುವುದೂ ಸುಳ್ಳು. ಆ ರಾತ್ರಿ ಭಟ್ಟರ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಬಿದ್ದುಕೊಂಡಿದ್ದೆವು.

ಹದಿನೈದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ. ಮೊದಮೊದಲು ಬೇಕೆಂದೇ ಮುಚ್ಚಿಟ್ಟೆ. ಆಮೇಲೆ ಹೇಳಿ ಹೇಳಿ ನನಗೇ ಆ ಬಂಡೆಯ ತಂಪು ಅಂಗೈಯಲ್ಲಿ ನೆನಪಾಗತೊಡಗಿತು. ಮುಟ್ಟದ ಬಂಡೆಯ ತಂಪು!

ನಮ್ಮ ಶಾಖೆಗೆ ಎರಡನೇ ದರ್ಜೆ ಸಹಾಯಕನಾಗಿ ಬಂದ ಹುಡುಗನಿಗೆ ಇಪ್ಪತ್ತಾರು ವರ್ಷ. ಬ್ಯಾಡಗಿ ತಾಲ್ಲೂಕಿನವನು, ಮಾತು ಕಡಿಮೆ, ಕೇಳುವುದು ಜಾಸ್ತಿ. ಹೇಳುವವನಿಗೆ ಇಂಥವನೊಬ್ಬ ಸಿಕ್ಕರೆ ಕೇಳಬೇಕೇ? ಅವನ ಮುಂದೆ ನಾನು ಕುಮಾರಪರ್ವತವನ್ನು ಕನಿಷ್ಠ ಐದು ಸಲ ಹತ್ತಿದ್ದೇನೆ. 2023ರ ನವೆಂಬರಿನಲ್ಲಿ ಒಂದು ದಿನ ‘ಸರ್, ನಾನೂ ನಮ್ಮ ಚಿಕ್ಕಪ್ಪನ ಮಕ್ಕಳಿಬ್ರೂ ಕುಮಾರಪರ್ವತಕ್ಕ ಹೊಂಟೇವಿ’ ಎಂದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ರಜೆ ಅರ್ಜಿಗೆ ನಾನೇ ಹೋಗಿ ಸಾಹೇಬರ ಸಹಿ ಮಾಡಿಸಿಕೊಂಡು ಬಂದೆ.

ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ಹಾವೇರಿಯಲ್ಲಿ ನಿಲ್ಲುತ್ತದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಸುಬ್ರಹ್ಮಣ್ಯ ರೋಡ್. ಒಂದು ದಿನ ಕುಕ್ಕೆಯಲ್ಲಿ ಉಳಿದರು. ಮಾರನೆಯ ದಿನ ದೇವರ ದರ್ಶನ ಮಾಡಿಕೊಂಡೇ ಹೊರಟರು, ಹೊರಟಾಗ ಏಳೂವರೆ. ಕತ್ತಲಿರುವಾಗಲೇ ಹೊರಡಬೇಕು ಎಂದು ನಾನು ಒತ್ತಿ ಹೇಳಿರಲಿಲ್ಲ. ‘ಬೆಳಗಿನ ಜಾವ’ ಎನ್ನುವುದು ನನ್ನ ಕಥೆಯಲ್ಲಿ ಅಲಂಕಾರಕ್ಕಿತ್ತು, ಸೂಚನೆಯಾಗಿ ಇರಲಿಲ್ಲ. ತಲೆಗೊಂದು ಲೀಟರ್ ನೀರು, ಅದೂ ನನ್ನ ಲೆಕ್ಕವೇ. ಹುಡುಗ ತುದಿ ಮುಟ್ಟಿದ, ನಿಜವಾಗಿ ಮುಟ್ಟಿದ. ಆಗ ಹೊತ್ತು ಮಧ್ಯಾಹ್ನ ಎರಡೂವರೆ ದಾಟಿತ್ತು. ಇಳಿಯುವಾಗ ಕಲ್ಲುಮಂಟಪದ ಕೆಳಗೆ ಬಲಮೊಣಕಾಲು ತಿರುಚಿಕೊಂಡಿತು. ನವೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲು. ಮೂರು ಮೊಬೈಲಿನಲ್ಲಿ ಒಂದು ಸತ್ತಿತ್ತು. ತಮ್ಮಂದಿರು ಎರಡೂ ಕಡೆ ಹೆಗಲು ಕೊಟ್ಟು ಭಟ್ಟರ ಮನೆ ಮುಟ್ಟಿಸಿದಾಗ ರಾತ್ರಿ ಎಂಟಾಗಿತ್ತಂತೆ. ಅಲ್ಲಿಂದ ಕುಕ್ಕೆಗೆ ಇಳಿಯಲು ಮಾರನೆಯ ದಿನ ಪೂರ್ತಿ ಬೇಕಾಯಿತು. ಊರಿಗೆ ಬಂದ ಮೇಲೆ ಮೂರು ವಾರ ಕಾಲಿಗೆ ಪಟ್ಟಿ, ಪರಿವರ್ತಿತ ರಜೆ. ಆ ರಜೆಯ ಸಂಬಳದ ಬಿಲ್ಲು ನನ್ನ ಟೇಬಲ್ಲಿಗೇ ಬಂತು. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿತ್ತು, ಎಲ್ಲ ಸರಿಯಾಗಿತ್ತು.

ವಾಪಸು ಬಂದ ದಿನ ಎಲ್ಲರೂ ಅವನ ಸುತ್ತ ಕುಳಿತರು. ಅವನು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ರೊಟ್ಟಿ ಮುರಿಯುತ್ತ, ನಿಜಕ್ಕೂ ತಿಳಿಯುವ ಆಸೆಯಿಂದ ಕೇಳಿದ:

‘ಸರ್, ಶೇಷಪರ್ವತ ಮುಟ್ಟಿದ ಮ್ಯಾಲೆ ಅಡವಿಯೊಳಗ ಒಂದು ಇಳುಕಲು ಐತಲ್ರೀ. ಹತ್ತಿದ್ದನ್ನ ಮತ್ತ ಇಳೀಬೇಕು, ಬರೋವಾಗ ಅದನ್ನ ಮತ್ತ ಹತ್ತಬೇಕು. ನನಗ ಅಲ್ಲೇ ಜೀವ ಹೋದಂಗ ಆತು. ನಿಮಗ ಅಲ್ಲಿ ಹೆಂಗ ಆತ್ರೀ?’

ನನ್ನ ಕಥೆಯಲ್ಲಿ ಆ ಇಳುಕಲು ಇರಲಿಲ್ಲ. ಇರಲಿಲ್ಲ ಏಕೆಂದರೆ ನನಗೆ ಅದು ಗೊತ್ತೇ ಇರಲಿಲ್ಲ. ಗೆಳೆಯ ಬಂಡೆಯ ಬಗ್ಗೆ ಹೇಳಿದ್ದ, ಮೋಡದ ಬಗ್ಗೆ ಹೇಳಿದ್ದ, ಇಳುಕಲಿನ ಬಗ್ಗೆ ಹೇಳಿರಲಿಲ್ಲ. ಎರಡು ಗುಡ್ಡದ ನಡುವೆ ತಗ್ಗು ಇರುತ್ತದೆ ಎಂಬಷ್ಟು ಸಾಮಾನ್ಯ ಜ್ಞಾನವೂ ಹದಿನೈದು ವರ್ಷ ನನಗೆ ಹೊಳೆದಿರಲಿಲ್ಲ. ‘ಭಾಳ ವರ್ಷ ಆತಪಾ, ಈಗೆಲ್ಲಿ ನೆನಪು’ ಎಂದು ಉಳ್ಳಾಗಡ್ಡಿ ಕಚ್ಚಿದೆ. ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ ತಟ್ಟೆಗೆ ಕಣ್ಣು ತಿರುಗಿಸಿದ. ಅವನಿಗೆ ಅಂದೇ ತಿಳಿದಿತ್ತೋ ಏನೋ. ಇವತ್ತಿಗೂ ಕೇಳಿಲ್ಲ.

ಅದಾಗಿ ಎರಡು ತಿಂಗಳಿಗೆ, 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ, ಕುಮಾರಪರ್ವತದಲ್ಲಿ ಜನ ಇರುವೆಸಾಲಿನಂತೆ ನಿಂತ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು, ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಅರಣ್ಯ ಇಲಾಖೆ ಚಾರಣವನ್ನೇ ಸ್ವಲ್ಪ ದಿನ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಟಿಕೆಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಒಳ್ಳೆಯದೇ ಆಯಿತು. ಇಷ್ಟು ಜನ ಎಲ್ಲಿಂದ ಬಂದರು ಎಂದು ಎಲ್ಲರೂ ರೀಲ್ಸ್ ಕಡೆ ಬೆರಳು ತೋರಿಸಿದರು. ರೀಲ್ಸ್‌ನದು ತಪ್ಪಿಲ್ಲ ಎನ್ನಲಾರೆ. ಆದರೆ ಆ ಸಾಲಿನಲ್ಲಿ ಕೆಲವರಾದರೂ ಊಟದ ಡಬ್ಬಿಯಿಂದ ಎದ್ದು ಬಂದವರು ಇದ್ದಿರಬೇಕು. ಮೊಬೈಲಿನಲ್ಲಿ ಕಂಡವನು ಯಾರೋ ಪರಕೀಯ. ಪಕ್ಕದ ಕುರ್ಚಿಯವನು, ಹೊಟ್ಟೆ ಬಂದವನು, ಬಿಪಿ ಮಾತ್ರೆ ನುಂಗುವವನು ‘ಒಂದೇ ದಿನದಾಗ ಹೋಗಿ ಬಂದೆ’ ಎಂದರೆ, ‘ಇವನಿಗೇ ಆದರೆ ನನಗೇಕೆ ಆಗದು’ ಎನ್ನಿಸದೇ ಇರುತ್ತದೆಯೇ? ನನ್ನಂಥವನ ಸುಳ್ಳು ಹೆಚ್ಚು ಅಪಾಯದ್ದಾಗುವುದು ಇಲ್ಲಿಯೇ.

ನಾನು ಬಾಯಿ ಬಿಟ್ಟದ್ದು ಆ ವರ್ಷದ ಜೂನಿನಲ್ಲಿ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಬೆಂಗಳೂರಿನಿಂದ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿತ್ತು. ಒಂದು ಮಾತು ಸ್ಪಷ್ಟವಾಗಿರಲಿ: ಅವರಲ್ಲಿ ಪಳಗಿದ ಚಾರಣಿಗರಿದ್ದರು, ಹವಾಮಾನ ಕೈಕೊಟ್ಟಿತು. ಅವರ ಸಾವಿಗೂ ನನ್ನಂಥವರ ಬಡಾಯಿಗೂ ಗಂಟು ಹಾಕುವುದು ಅನ್ಯಾಯ. ಆದರೆ ಅವತ್ತು ನಮ್ಮ ಟೇಬಲ್ಲಿನಲ್ಲಿ ಯಾರೋ ‘ಇಂಥಲ್ಲೆಲ್ಲ ಯಾಕರ ಹೋಗ್ತಾರೋ’ ಎಂದರು. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಮೂರು ವರ್ಷದಿಂದ ಅದೇ ಟೇಬಲ್ಲಿನಲ್ಲಿ ಖರ್ದುಂಗ್ ಲಾ, ಕುಮಾರಪರ್ವತ ಎಂದು ಕೈಬೀಸಿ ಮಾತಾಡಿದವರು ನಾವು! ನನಗೆ ತಡೆಯಲಾಗಲಿಲ್ಲ. ಹುಡುಗನ ಕಡೆ ತಿರುಗಿ, ‘ನಾ ಕುಮಾರಪರ್ವತ ಹತ್ತಿಲ್ಲಪಾ. ಶೇಷಪರ್ವತದ ಮ್ಯಾಲೆ ಕುಂತು ಬಿಸ್ಕೀಟ್ ತಿಂದು ವಾಪಸ್ ಬಂದೇನಿ’ ಎಂದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೇಡಂ ನಕ್ಕ ನಗುವಿಗೆ ಹೊರಗಿನ ಬೆಂಚಿನವರೂ ಇಣುಕಿ ನೋಡಿದರು. ‘ಹಾವು?’ ಎಂದರು. ಹಾವೂ ಇಲ್ಲ ಎಂದೆ. ‘ಆನಿ ಲದ್ದಿ?’ ಅದು ಎಮ್ಮೆಯದ್ದಿರಬೇಕು ಎಂದೆ. ಹುಡುಗ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಮೀನಖಂಡ ಗಂಟು ಹಿಡಿದಾಗ ಉಪ್ಪು ಇತ್ತೇನ್ರೀ ಸರ್ ನಿಮ್ಮ ಹತ್ರ?’ ಎಂದು ಕೇಳಿದ. ಇರಲಿಲ್ಲ ಎಂದೆ. ‘ನಮ್ಮ ಹತ್ರಾನೂ ಇರಲಿಲ್ರೀ’ ಎಂದ.

ಒಂದು ಸುಳ್ಳು ಬಿಚ್ಚಿದರೆ ಟೇಬಲ್ಲಿನ ಮೇಲೆ ಉಳಿದವುಗಳಿಗೂ ಧೈರ್ಯ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಮೇಡಂ ತಾವಾಗಿಯೇ ಶುರು ಮಾಡಿದರು. ಕಾಶಿಯಲ್ಲಿ ದಶಾಶ್ವಮೇಧ ಘಾಟಿನ ಆರತಿ ನೋಡುವ ಗದ್ದಲದಲ್ಲಿ ಅತ್ತೆಯ ಕೈ ತಪ್ಪಿತಂತೆ. ಎಪ್ಪತ್ತೆರಡರ ಮುದುಕಿ, ಕನ್ನಡ ಬಿಟ್ಟು ಒಂದಕ್ಷರ ಬಾರದು, ಕೈಯಲ್ಲಿ ಮೊಬೈಲಿಲ್ಲ. ಮೂರು ಗಂಟೆ ಹುಡುಕಾಟ. ಗಂಡನಿಗೆ ಫೋನ್ ಮಾಡುವ ಧೈರ್ಯವಿಲ್ಲ, ಮಾಡದೇ ಇರುವ ಧೈರ್ಯವೂ ಇಲ್ಲ. ಕೊನೆಗೆ ಸಿಕ್ಕದ್ದು ವೀರಶೈವರ ಜಂಗಮವಾಡಿ ಮಠದಲ್ಲಿ. ಹಣೆಯ ವಿಭೂತಿ, ಕೊರಳಿನ ಕರಡಿಗೆ ನೋಡಿ ಯಾರೋ ಅಂಗಡಿಯವನು ಅಲ್ಲಿಗೆ ಕರೆದೊಯ್ದು ಬಿಟ್ಟಿದ್ದನಂತೆ. ಅತ್ತೆ ಮಠದಲ್ಲಿ ಕನ್ನಡ ಮಾತಾಡುವವರೊಂದಿಗೆ ಕುಳಿತು ಊಟ ಮಾಡಿ, ‘ಎಲ್ಲಿ ಹೋಗಿದ್ದೆವ್ವಾ ಇಷ್ಟೊತ್ತು?’ ಎಂದು ಸೊಸೆಯನ್ನೇ ಕೇಳಿದರಂತೆ. ಒಂದೂವರೆ ವರ್ಷದಿಂದ ನಾವು ಬರೀ ಆರತಿ ಕೇಳಿದ್ದೆವು. ಸಂಪಾದಕರೇ, ನೀವೇ ಹೇಳಿ, ಯಾವುದು ಕಥೆ? ಅಷ್ಟೇ ಅಲ್ಲ, ನಮ್ಮ ಕಚೇರಿಯ ಇನ್ನೊಬ್ಬರು ಮುಂದಿನ ಸಲ ಅವ್ವನನ್ನು ಕಾಶಿಗೆ ಕರೆದೊಯ್ಯುವಾಗ ಹೆಸರು, ಫೋನ್ ನಂಬರು, ರೈಲಿನ ಬೋಗಿ ಸಂಖ್ಯೆಯನ್ನು ಹಿಂದಿಯಲ್ಲಿ ಬರೆಸಿ ಕೊರಳಿಗೆ ಕಟ್ಟಿದ್ದರು. ಆರತಿಯ ಕಥೆಯಿಂದ ಆ ಚೀಟಿ ಹುಟ್ಟುತ್ತಿರಲಿಲ್ಲ.

ನಗದು ಶಾಖೆಯವರು ಬಾಯಿ ಬಿಡಲು ಒಂದು ವಾರ ತೆಗೆದುಕೊಂಡರು. ದೆಹಲಿಯಿಂದ ವಿಮಾನದಲ್ಲಿ ಲೇಹ್‌ನಲ್ಲಿ ಇಳಿದು, ಮಾರನೆಯ ದಿನವೇ ಖರ್ದುಂಗ್ ಲಾಕ್ಕೆ ಹೊರಟಿದ್ದರಂತೆ. ಲೇಹ್ ಊರೇ 3,500 ಮೀಟರ್ ಎತ್ತರದಲ್ಲಿದೆ. ನೆಲಮಟ್ಟದಿಂದ ಒಂದೇಟಿಗೆ ಅಲ್ಲಿ ಇಳಿದವರು ಕನಿಷ್ಠ ಎರಡು ದಿನ ಸುಮ್ಮನೆ ಮಲಗಿ ಮೈಯನ್ನು ಆ ತೆಳುಗಾಳಿಗೆ ಒಗ್ಗಿಸಬೇಕು ಎಂಬುದು ಅಲ್ಲಿನವರೆಲ್ಲ ಹೇಳುವ ಮಾತು. ಇವರಿಗೆ ಇದ್ದದ್ದು ಐದೇ ದಿನ ರಜೆ. ಕೈ ಎತ್ತಿದ ಆ ಚಿತ್ರ ತೆಗೆದ ಎರಡು ನಿಮಿಷಕ್ಕೆ ತಲೆ ಸಿಡಿದು, ವಾಂತಿಯಾಗಿ, ಅಲ್ಲಿರುವ ಸೇನೆಯ ವೈದ್ಯಕೀಯ ಕೇಂದ್ರದಲ್ಲಿ ಆಮ್ಲಜನಕ ಕೊಡಿಸಿಕೊಂಡು ಕೆಳಗಿಳಿದರಂತೆ. ಅದರಾಚೆಗಿನ ನುಬ್ರಾ ಕಣಿವೆಯನ್ನು ಅವರು ನೋಡಿಯೇ ಇಲ್ಲ! ಎರಡು ಡುಬ್ಬದ ಒಂಟೆಯ ಮೇಲೆ ಕುಳಿತ ಮಾತು ಯಾರದ್ದೋ ವಿಡಿಯೊದಿಂದ ಬಂದದ್ದು. ಹೇಳಿ ಮುಗಿಸಿ, ಅಷ್ಟಾದರೂ ನನ್ನದು 18,380 ಅಡಿ ಎಂದರು. ಅಲ್ಲೂ ಸಮಾಧಾನವಿಲ್ಲ ನೋಡಿ. ಆ ಬೋರ್ಡೇ ಬಡಾಯಿಯದ್ದು. ಅಳೆದವರ ಲೆಕ್ಕದಲ್ಲಿ ಖರ್ದುಂಗ್ ಲಾ 5,359 ಮೀಟರ್, ಅಂದರೆ ಹದಿನೇಳೂವರೆ ಸಾವಿರ ಅಡಿಗೆ ಸ್ವಲ್ಪ ಹೆಚ್ಚು. ಸುಮಾರು 800 ಅಡಿ ಬೋರ್ಡಿನಲ್ಲೇ ಏರಿಸಿ ಬರೆದಿದ್ದಾರೆ. ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎಂಬ ಕಿರೀಟವೂ ಈಗ ಅದಕ್ಕಿಲ್ಲ, ಲಡಾಖಿನದೇ ಉಮ್ಲಿಂಗ್ ಲಾ 5,798 ಮೀಟರಿನಲ್ಲಿದೆ. ಗುಡ್ಡವೇ ಸುಳ್ಳು ಹೇಳುವಾಗ ಖಜಾನೆಯ ನೌಕರನದೇನು ಎಂದು ನಾವೆಲ್ಲ ಅವರನ್ನು ಮಾಫಿ ಮಾಡಿದೆವು.

ಈಗ ಶ್ರೀಶೈಲದ ಮಾತು. ಯುಗಾದಿಗೆ ಮೊದಲು ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ನಡೆದು ಹೋಗುತ್ತಾರೆ. ರಾಯಚೂರು ದಾಟಿ, ಕರ್ನೂಲು, ಆತ್ಮಕೂರು, ಅಲ್ಲಿಂದ ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ಎಂದು ನಲ್ಲಮಲ ಕಾಡಿನೊಳಗಿನ ಹಾದಿ. ಕೆಲವರು ಮರಗಾಲು ಕಟ್ಟಿಕೊಂಡೇ ಅಷ್ಟು ದೂರ ನಡೆಯುತ್ತಾರೆ. ಸಾಹಸ ಎಂದರೆ ಇದಕ್ಕಿಂತ ಬೇರೆ ಬೇಕೇ? ಆದರೆ ನಮ್ಮ ಹಿರಿಯರು ಅದನ್ನು ಹೇಳುವುದು ಸಾಹಸದ ಹಾಗೆ ಅಲ್ಲವೇ ಅಲ್ಲ. ‘ಹೊಸಾ ಚಪ್ಪಲಿ ಹಾಕ್ಕೊಂಡು ಹೋಗಬಾರದ್ರೀ. ರಾತ್ರಿ ಅಂಗಾಲಿಗೆ ಹರಳೆಣ್ಣಿ ಹಚ್ಚಬೇಕು. ಬೊಬ್ಬಿ ಎದ್ದರ ಒಡೀಬಾರದು, ಸೂಜಿ ದಾರ ಪೋಣಿಸಿ ದಾರ ಅಲ್ಲೇ ಬಿಡಬೇಕು. ಬೆಳಗ್ಗೆ ಮೂರಕ್ಕ ಎದ್ದು ಹತ್ತರೊಳಗ ನಡದು ಮುಗಿಸಬೇಕು, ಆಮ್ಯಾಲೆ ಬಿಸಲು. ಭೀಮನಕೊಳ್ಳದ ಇಳುಕಲಿನ್ಯಾಗ ಮುಂದಿನವರ ಹಿಮ್ಮಡಿ ನೋಡಬಾರದು, ಕಲ್ಲು ನೋಡಬೇಕು.’ (ದಾರದ ಉಪಾಯಕ್ಕೆ ನನ್ನ ಡಾಕ್ಟರು ತಲೆ ಚಚ್ಚಿಕೊಂಡರು, ಕೀವು ಆಗುತ್ತದಂತೆ. ಬಿಟ್ಟುಬಿಡಿ.) ಯಾವ ಊರಿನಲ್ಲಿ ಮಜ್ಜಿಗೆ ಕೊಡುತ್ತಾರೆ, ಯಾವ ಊರಿನಲ್ಲಿ ಮಲಗಲು ಶಾಲೆ ತೆರೆದಿರುತ್ತದೆ, ಯಾವ ವರ್ಷ ತಾವು ಕರ್ನೂಲಿನಲ್ಲೇ ಜ್ವರ ಬಂದು ಬಸ್ಸು ಹತ್ತಿ ವಾಪಸು ಬಂದರು, ಎಲ್ಲವೂ ಅವರ ಬಾಯಲ್ಲಿದೆ. ನಾವು ಇದನ್ನು ಕೇಳುತ್ತ ಆಕಳಿಸುತ್ತಿದ್ದೆವು. ‘ಅಜ್ಜ, ಪಟ್ಟಿ ಸಾಕು, ಕಥಿ ಹೇಳು’ ಎಂದು ನಾನೇ ಒಂದು ಸಲ ಅಂದಿದ್ದೇನೆ. ಹೊರಟ ಹೊತ್ತು, ಮುಟ್ಟಿದ ಹೊತ್ತು, ವಾಪಸಾದ ಕಾರಣ ಎಲ್ಲ ಸರಿಯಾಗಿ ನಮೂದಿಸಿದ ಬಿಲ್ಲು ನನ್ನೆದುರಿಗೆ ಹನ್ನೊಂದು ಸಲ ಬಂದಿತ್ತು. ನಾನು ಒಂದಕ್ಕೂ ಸಹಿ ಹಾಕಿರಲಿಲ್ಲ.

ಈಗ ನಮ್ಮಲ್ಲಿ ಒಂದು ರೂಢಿಯಾಗಿದೆ. ಯಾರೇ ‘ನಾವು ಹೋದಾಗ’ ಎಂದು ಶುರು ಮಾಡಲಿ, ಉಳಿದವರಲ್ಲಿ ಒಬ್ಬರು ‘ವೋಚರ್?’ ಎನ್ನುತ್ತಾರೆ, ಅಂದರೆ ಪುರಾವೆ ಎಲ್ಲಿ ಎಂದು. ಹೇಳುವವನು ನೀರು ಎಷ್ಟು ಒಯ್ದಿದ್ದ, ಎಷ್ಟು ಖರ್ಚಾಯಿತು, ಎಲ್ಲಿ ಸೋತು ಕುಳಿತ ಎಂಬುದನ್ನು ಹೇಳಲೇಬೇಕು. ಹಾವು, ಆನೆ, ಹುಲಿಗೆ ನಿರ್ಬಂಧವಿಲ್ಲ, ಊಟದ ಹೊತ್ತು ನೀರಸವಾಗಬಾರದಲ್ಲ. ಕಥೆಯ ರುಚಿ ಕೆಡುತ್ತದೆಂದು ನಗದು ಶಾಖೆಯವರು ಮೊದಮೊದಲು ಗೊಣಗಿದರು. ಈಗ ಅವರ ವಾಂತಿಯ ಕಥೆಗೇ ಬೇಡಿಕೆ ಹೆಚ್ಚು, ಬೇರೆ ಶಾಖೆಯವರೂ ಬಂದು ಕೇಳಿ ಹೋಗುತ್ತಾರೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪ್ರವಾಸದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಬರೆದವರೆಲ್ಲ ತುದಿ ಮುಟ್ಟಿದವರೇ. ಕೊನೆಗೆ ‘ಹೋಗುವುದು ಹೇಗೆ’ ಎಂಬ ಪೆಟ್ಟಿಗೆಯಲ್ಲಿ ಬಸ್ಸು, ರೈಲು, ವಸತಿ ಇರುತ್ತದೆ. ಅದರ ಕೆಳಗೆ ಇನ್ನು ನಾಲ್ಕು ಸಾಲು ಜಾಗ ಬಿಡಿ: ಎಷ್ಟು ಗಂಟೆಗೆ ಹೊರಟಿರಿ, ಇಳಿಯಲು ಎಷ್ಟು ಹೊತ್ತು ಹಿಡಿಯಿತು, ನೀರು ಎಲ್ಲಿ ಸಿಕ್ಕಿತು ಎಲ್ಲಿ ಸಿಗಲಿಲ್ಲ, ಜೊತೆಯವರಲ್ಲಿ ಯಾರು ಎಲ್ಲಿಂದ ವಾಪಸಾದರು. ಅರ್ಧಕ್ಕೇ ಮರಳಿದವರ ಲೇಖನವನ್ನೂ ಆಗಾಗ ಹಾಕಿ. ಬರೆಯಲು ಯಾರೂ ಸಿಗದಿದ್ದರೆ ಶೇಷಪರ್ವತದ ಬಗ್ಗೆ ಬರೆಯಲು ನಾನು ಸಿದ್ಧ. ಅಲ್ಲಿನ ಆ ಕಲ್ಲು ನನಗೆ ಚೆನ್ನಾಗಿ ಗೊತ್ತು.

ಬರುವ ಅಕ್ಟೋಬರಿನಲ್ಲಿ ಮಳೆ ನಿಂತು ಚಾರಣ ತೆರೆದ ಮೇಲೆ ಹುಡುಗ ಮತ್ತೆ ಹೋಗುತ್ತಾನಂತೆ, ನನ್ನನ್ನೂ ಕರೆದಿದ್ದಾನೆ. ವಯಸ್ಸು ಐವತ್ತು ದಾಟಿದೆ, ಭಟ್ಟರ ಮನೆಯವರೆಗೆ ಬರುತ್ತೇನೆ, ಅಲ್ಲಿಂದ ಮುಂದಿನದು ಅಲ್ಲೇ ನೋಡೋಣ ಎಂದಿದ್ದೇನೆ. ಮೂರು ಲೀಟರ್ ನೀರು ಎಂದು ಅವನೇ ಲೆಕ್ಕ ಹಾಕಿ ಕೊಟ್ಟಿದ್ದಾನೆ, ಉಪ್ಪು ಸಕ್ಕರೆಯ ಪೊಟ್ಟಣ ಬೇರೆ.

ಇನ್ನು ದೂರು ಬರೆದ ಗುರುಗಳಿಗೆ. ಅದು ನಮ್ಮ ಕಚೇರಿಯೇ ಆಗಿದ್ದರೆ, ತಪ್ಪಾಯಿತು. ಊಟದ ಹೊತ್ತು ಮುಗಿದ ಮೇಲೆ ಒಂದು ನಿಮಿಷವೂ ಕೂರುವುದಿಲ್ಲ ಎಂದು ಮಾತು ಕೊಟ್ಟರೆ ಮತ್ತೊಂದು ಸುಳ್ಳಾದೀತು, ಹತ್ತು ನಿಮಿಷದ ಒಳಗೆ ಏಳುತ್ತೇವೆ. ತಮ್ಮ ಪಿಂಚಣಿ ಕಾಗದದಲ್ಲಿ ಏನಾದರೂ ಬಾಕಿ ಇದ್ದರೆ ಬನ್ನಿ. ಬೆಂಚಿನ ಕಾಲಿನ ಕೆಳಗೆ ಹೆಂಚಿನ ಚೂರು ಇಟ್ಟಿದ್ದೇವೆ, ಈಗ ಅಲ್ಲಾಡುವುದಿಲ್ಲ.

ಇಂತಿ,
ಖಜಾನೆಯ ಒಬ್ಬ ನೌಕರ
ಹಾವೇರಿ

(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ, ದಯವಿಟ್ಟು ಅಚ್ಚು ಹಾಕಬೇಡಿ. ಹೆಂಡತಿಗೆ ಇನ್ನೂ ಹೇಳಿಲ್ಲ.)